ಹೊಂಡದಿಂದ ನಲ್ಲಿಗೆ: ನಮ್ಮ ಪುರಸಭೆಗಳು ನಡೆದು ಬಂದ ದಾರಿ

ಚಿತ್ರದುರ್ಗದ ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಗಳ ಸಂದಿಯಿಂದ ಇಳಿದು ಮೊದಲು ಗೋಪಾಲಸ್ವಾಮಿ ಹೊಂಡವನ್ನು ತುಂಬುತ್ತದೆ. ಅದು ಕೋಡಿ ಹರಿದರೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಕೋಟೆ ಇಳಿದು ಊರೊಳಗಿನ ಸಂತೆಹೊಂಡಕ್ಕೆ ನೀರು ಬರುತ್ತದೆ. ಒಂದು ತುಂಬಿದ ಮೇಲೆಯೇ ಇನ್ನೊಂದರ ಪಾಳಿ. ಪಂಪಿಲ್ಲ, ವಾಲ್ವಿಲ್ಲ, ವಿದ್ಯುತ್ ಬಿಲ್ಲಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಬಯಲುಸೀಮೆಯ ಊರು ಮುತ್ತಿಗೆಯ ದಿನಗಳಲ್ಲೂ ನೀರಿಗೆ ಪರದಾಡಬಾರದೆಂದು ನಾಯಕರ ಕಾಲದ ಕಲ್ಲುಕುಟಿಗರೂ ಮಣ್ಣು ಹೊತ್ತವರೂ ಇದನ್ನು ಕಟ್ಟಿದರು. ಅವರ ಹೆಸರುಗಳು ಉಳಿದಿಲ್ಲ, ಕೆಲಸ ಉಳಿದಿದೆ.

ಇವತ್ತು ನಾವು ಸಂತೆಹೊಂಡವನ್ನು ಸ್ಮಾರಕ ಎನ್ನುತ್ತೇವೆ. ಕಟ್ಟಿದವರ ಪಾಲಿಗೆ ಅದು ಊರಿನ ನೀರು ಸರಬರಾಜು. ಪುರಸಭೆ, ನಗರಸಭೆಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅಧ್ಯಕ್ಷರ ಪಟ್ಟಿಯಿಂದ ಆರಂಭಿಸಿ, ನೀರಿನ ಯೋಜನೆಗಳನ್ನು ಒಂದು ಅಧ್ಯಾಯಕ್ಕೂ ಐತಿಹಾಸಿಕ ಕಟ್ಟಡಗಳನ್ನು ಇನ್ನೊಂದಕ್ಕೂ ಹಂಚಿಬಿಡುತ್ತಾರೆ. ಈ ಸಂಚಿಕೆಗೆ ಬರೆಯಲು ಕುಳಿತಾಗ ಆ ಹಂಚಿಕೆಯನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ. ನಮ್ಮ ಸಣ್ಣ ಊರುಗಳ ಹೆಗ್ಗುರುತುಗಳಲ್ಲಿ ಬಹುಪಾಲು ಒಂದು ಕಾಲಕ್ಕೆ ಜನರ ದಿನದ ಅಗತ್ಯ ಪೂರೈಸುತ್ತಿದ್ದ ಹೊಂಡ, ಬಾವಿ, ಸೇತುವೆ, ಸಂತೆಕಟ್ಟೆ, ಮಾರುಕಟ್ಟೆಗಳೇ. ಬಳಕೆ ತಪ್ಪಿದ ದಿನದಿಂದ ಅವು ಹಾಳುಬಿದ್ದವು. ಅವುಗಳನ್ನು ಉಳಿಸುವ ಕೆಲಸವನ್ನೂ ನಲ್ಲಿಗೆ ನೀರು ಬಿಡುವ ಕೆಲಸವನ್ನೂ ಒಂದೇ ಸಂಸ್ಥೆ ಒಂದೇ ಗಮನದಿಂದ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಏಕೆ ಹಾಗಾಗಲಿಲ್ಲ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚಿತ್ರದುರ್ಗದ ಪಕ್ಕದಲ್ಲೇ ಚಂದ್ರವಳ್ಳಿಯಿದೆ. ಅಲ್ಲಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಕಾಲ ಸುಮಾರು 4ನೆಯ ಶತಮಾನ. ಅದು ಹೇಳುವ ವಿಷಯ ಕೆರೆಯದು. ಕನ್ನಡ ನಾಡಿನ ಮೊದಲ ಅರಸು ಮನೆತನವೊಂದರ ಸ್ಥಾಪಕ ಕಲ್ಲಿನಲ್ಲಿ ಬಿಟ್ಟುಹೋದ ದಾಖಲೆ ನೀರಿನ ಕೆಲಸದ್ದಾಗಿರುವುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಮುಂದಿನ ಶತಮಾನಗಳಲ್ಲಿ ಊರಿನ ಕೆಲಸಗಳಿಗೆ ಪಟ್ಟಣಸ್ವಾಮಿ, ನಗರದ ವರ್ತಕ ಸಂಘಗಳು, ಮಹಾಜನರು ಹೊಣೆಯಾದರು. 11ನೆಯ ಶತಮಾನದಲ್ಲಿ ಹೊಂಬುಜದ ಪಟ್ಟಣಸ್ವಾಮಿ ನೊಕ್ಕಯ್ಯ ಸೆಟ್ಟಿ ಬಸದಿ ಕಟ್ಟಿಸಿದ, ಜೊತೆಗೆ ಕೆರೆಗಳನ್ನೂ ಕಟ್ಟಿಸಿದ. ಕೆರೆಯ ದುರಸ್ತಿಗೆಂದು ಕಟ್ಟುಕೊಡಗೆ, ದಶವಂದದ ಹೆಸರಿನಲ್ಲಿ ಭೂಮಿ ಬಿಡುತ್ತಿದ್ದರು. ಹೂಳೆತ್ತುವ, ಏರಿ ಕಾಯುವ ಕೆಲಸಕ್ಕೆ ಆ ಜಮೀನಿನ ಹುಟ್ಟುವಳಿಯೇ ಆಧಾರ. ಕಟ್ಟುವ ದಿನವೇ ನಿರ್ವಹಣೆಗೆ ಹಣದ ದಾರಿ ಮಾಡಿಡುವ ಈ ಪದ್ಧತಿಯನ್ನು ನಮ್ಮ ಈಗಿನ ಯೋಜನಾ ವರದಿಗಳು ಕಲಿಯಬೇಕಾಗಿದೆ.

ಇಂದಿನ ಅರ್ಥದ ಪೌರಾಡಳಿತ ನಮಗೆ ಬಂದದ್ದು ಬೇರೆ ಬೇರೆ ಬಾಗಿಲುಗಳಿಂದ. ಮುಂಬೈ ಪ್ರಾಂತ್ಯದ ಜಿಲ್ಲೆಗಳಿಗೆ 1850ರ 26ನೆಯ ಕಾಯ್ದೆ ಅನ್ವಯಿಸಿತು. ಊರಿನವರು ಬಯಸಿ ಕೇಳಿಕೊಂಡರೆ ಮುನಿಸಿಪಾಲಿಟಿ ಸ್ಥಾಪಿಸಲು ಅದು ಅವಕಾಶ ಕೊಟ್ಟಿತು. ಹುಬ್ಬಳ್ಳಿಯಲ್ಲಿ 1855ರಲ್ಲಿ, ಧಾರವಾಡದಲ್ಲಿ 1856ರಲ್ಲಿ ಮುನಿಸಿಪಾಲಿಟಿ ಬಂತು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಮಂಗಳೂರಿನಲ್ಲಿ 1866ರಲ್ಲಿ. ಮೈಸೂರು ಸೀಮೆ ಆಗ ಕಮಿಷನರ್ ಆಡಳಿತದಲ್ಲಿತ್ತು. 1862ರಲ್ಲಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಮುನಿಸಿಪಲ್ ಸಮಿತಿಗಳು ಶುರುವಾಗಿ, ಅನಂತರ ಜಿಲ್ಲಾ ಕೇಂದ್ರಗಳಿಗೂ ಸಣ್ಣ ಪಟ್ಟಣಗಳಿಗೂ ಹಬ್ಬಿದವು. ಹೈದರಾಬಾದ್ ಮತ್ತು ಕೊಡಗುಗಳ ವ್ಯವಸ್ಥೆ ಇನ್ನೂ ಬೇರೆ. 1882ರ ಮೇ ತಿಂಗಳಲ್ಲಿ ಲಾರ್ಡ್ ರಿಪ್ಪನ್ ಹೊರಡಿಸಿದ ನಿರ್ಣಯದ ತನಕ ಈ ಸಮಿತಿಗಳಲ್ಲಿ ಅಧಿಕಾರಿಗಳದೇ ಮಾತು. ಚುನಾಯಿತರು ನಿಧಾನವಾಗಿ ಬಂದರು, ಅದರಲ್ಲೂ ಚುನಾಯಿತ ಅಧ್ಯಕ್ಷರು ಇನ್ನೂ ನಿಧಾನವಾಗಿ.

ಆ ಆರಂಭದ ಸಮಿತಿಗಳ ಕೆಲಸ ಸರಳ: ಬೀದಿ ಗುಡಿಸುವುದು, ಸೀಮೆಎಣ್ಣೆ ದೀಪ ಹಚ್ಚುವುದು, ಸಂತೆ ಮೈದಾನ ನೋಡಿಕೊಳ್ಳುವುದು, ಜನನ ಮರಣ ಬರೆದುಕೊಳ್ಳುವುದು, ಸಿಡುಬಿಗೆ ದೇವಿ ಹಾಕಿಸುವುದು. ಖರ್ಚಿಗೆ ಊರ ಹೆಬ್ಬಾಗಿಲಲ್ಲಿ ನಾಕಾ ಹಾಕಿ ಒಳಬರುವ ಸರಕಿನ ಮೇಲೆ ಜಕಾತಿ ಎತ್ತುತ್ತಿದ್ದರು. ನಾಕಾ ಎಂದರೆ ಒಂದು ಸಣ್ಣ ಕೋಣೆ, ರಸ್ತೆಗೆ ಅಡ್ಡ ಒಂದು ಬೊಂಬು, ಒಳಗೆ ಕಾರಕೂನ, ಅವನ ಮುಂದೆ ರಸೀದಿ ಪುಸ್ತಕ. ಬಹಳ ಊರುಗಳಲ್ಲಿ ಆ ಜಾಗಕ್ಕೆ ಇಂದಿಗೂ ನಾಕಾ ಎಂದೇ ಹೆಸರು. ಸರಕು ಗಾಡಿಗಳನ್ನು ತಡೆದು ನಿಲ್ಲಿಸುವ ಈ ತೆರಿಗೆ ವ್ಯಾಪಾರಿಗಳಿಗೆ ಕಿರಿಕಿರಿ, ಸಿಬ್ಬಂದಿಗೆ ಲಂಚದ ದಾರಿ ಎಂಬ ದೂರು ನಿಜವೇ ಆಗಿತ್ತು. 1979ರಲ್ಲಿ ಕರ್ನಾಟಕ ಅದನ್ನು ತೆಗೆದುಹಾಕಿ ಪ್ರವೇಶ ತೆರಿಗೆ ತಂದಿತು. ಆದರೆ ಪ್ರವೇಶ ತೆರಿಗೆ ರಾಜ್ಯದ ಬೊಕ್ಕಸಕ್ಕೆ ಹೋಯಿತು, ಪುರಸಭೆಗಳಿಗೆ ಸಿಕ್ಕಿದ್ದು ಅದರ ಬದಲಿಗೆ ಅನುದಾನ. ದಿನವೂ ಸಂಜೆ ತಿಜೋರಿಗೆ ಬರುತ್ತಿದ್ದ ಸ್ವಂತ ಹಣ ಹೋಗಿ, ಬೆಂಗಳೂರಿನಿಂದ ಬರುವ ಆದೇಶ ಕಾಯುವ ಪರಿಸ್ಥಿತಿ ಬಂತು. ನಮ್ಮ ಸಣ್ಣ ಊರುಗಳ ಆಡಳಿತ ಸ್ವಭಾವವನ್ನೇ ಬದಲಿಸಿದ ತೀರ್ಮಾನ ಅದು.

ಇದಕ್ಕೆಲ್ಲ ಬಹಳ ಮೊದಲು, ಜಕಾತಿಯ ದಿನಗಳಲ್ಲೇ, ಪ್ಲೇಗು ಬಂತು. 1898ರಲ್ಲಿ ರೈಲಿನ ಜೊತೆ ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಬಂದ ಆ ಪಿಡುಗು ಊರ ಹೊರಗಿನ ಗುಡಿಸಲುಗಳಲ್ಲಿ ಜನ ತಿಂಗಳುಗಟ್ಟಲೆ ಬದುಕುವಂತೆ ಮಾಡಿತು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಬೆಳವಣಿಗೆಯ ಹಿಂದೆ ಆ ಭಯವಿತ್ತು. ಸಣ್ಣ ಪಟ್ಟಣಗಳಲ್ಲೂ ಕೋಟೆಯೊಳಗಿನ ಇಕ್ಕಟ್ಟು ಬಿಟ್ಟು ಅಗಲ ಬೀದಿಗಳ ಹೊಸ ಬಡಾವಣೆಗಳಿಗೆ ಜನ ಸರಿದರು. ಆರೋಗ್ಯದ ಕೆಲಸಕ್ಕೆ ಪುರಸಭೆಯಲ್ಲಿ ಮರ್ಯಾದೆ ಬಂದದ್ದು ಆ ಕಾಲದಲ್ಲೇ. ಹಾಗೆಯೇ ಹಳೆಯ ಕೋಟೆ, ಹಳೆಯ ಬಾವಿ, ಹಳೆಯ ಓಣಿ ಎಲ್ಲವೂ ರೋಗದ ಜಾಗ ಎಂಬ ಭಾವನೆ ಬೇರೂರಿದ್ದೂ ಆ ಕಾಲದಲ್ಲೇ. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಸಂಸ್ಥಾನದ ಸ್ಥಳೀಯ ಸಂಸ್ಥೆಗಳಲ್ಲಿ ಚುನಾಯಿತರ ಪಾಲು ಹೆಚ್ಚಿತು. 1926ರಿಂದ 1941ರ ತನಕ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಊರೂರು ತಿರುಗಿ ಉದ್ಯಾನ, ಬೀದಿ, ದೀಪಗಳನ್ನು ತಾವೇ ಕಣ್ಣಾರೆ ನೋಡಿ ಸೂಚನೆ ಕೊಡುತ್ತಿದ್ದರು. ಊರು ಅಂದವಾಗಿರಬೇಕು ಎಂಬುದು ಆಡಳಿತದ ಕರ್ತವ್ಯ ಎಂದು ನಮ್ಮಲ್ಲಿ ಗಟ್ಟಿಯಾಗಿ ನಂಬಿದ್ದವರಲ್ಲಿ ಅವರು ಮೊದಲಿಗರು.

ಈಗ ನೀರಿಗೆ ಬರೋಣ, ಏಕೆಂದರೆ ಪುರಸಭೆಯ ಮಾನ ಹೋಗುವುದೂ ಉಳಿಯುವುದೂ ನೀರಿನಲ್ಲಿ.

ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ತಿಯಾಯಿತು. ನಮ್ಮ ಜನ ಅದನ್ನು ಮಾರಿಕಣಿವೆ ಎಂದೇ ಕರೆಯುತ್ತಾರೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಗಳ ನಲ್ಲಿಗಳು ಅದನ್ನು ನಂಬಿವೆ. ಚಿತ್ರದುರ್ಗಕ್ಕೆ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ಸೂಳೆಕೆರೆಯಿಂದಲೂ ಕೊಳವೆಯಲ್ಲಿ ನೀರು ಬರುತ್ತದೆ. ಬೆಟ್ಟದ ನೀರು ತಾನಾಗಿ ಇಳಿದು ಬರುತ್ತಿದ್ದ ಊರಿಗೆ ಈಗ ದೂರದ ಜಲಾಶಯಗಳಿಂದ ಪಂಪು ಹಾಕಿ ಏರಿಸಿ ನೀರು ತರಬೇಕು. ಜನಸಂಖ್ಯೆ ಬೆಳೆದಿದೆ, ಹೊಂಡಗಳು ಇಡೀ ಊರಿಗೆ ಸಾಲುವುದಿಲ್ಲ. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಪಂಪು ಕೆಟ್ಟ ದಿನ, ಕರೆಂಟು ಹೋದ ದಿನ, ಕೊಳವೆ ಒಡೆದ ದಿನ ಊರಿಗೆ ಬೇರೆ ದಿಕ್ಕಿಲ್ಲದಂತೆ ಮಾಡಿಕೊಂಡದ್ದು ನಾವೇ.

1973ರ ಕಾಯ್ದೆಯಂತೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಬಂತು. ದೊಡ್ಡ ಯೋಜನೆಯ ವಿನ್ಯಾಸ ಮಾಡಲು, ಸಾಲ ತರಲು, ಟೆಂಡರು ಕರೆದು ಕಟ್ಟಿಸಲು ಸಣ್ಣ ಪುರಸಭೆಗೆ ಬೇಕಾದ ಎಂಜಿನಿಯರುಗಳಿರಲಿಲ್ಲ. ಮಂಡಳಿ ಕಟ್ಟಿಕೊಟ್ಟು ಪುರಸಭೆ ನಡೆಸುವುದೆಂಬ ವ್ಯವಸ್ಥೆಯಾಯಿತು. ಆ ದಿನಗಳಿಗೆ ಅದು ಸರಿಯಾದ ಕ್ರಮವೇ. ಅದರಿಂದಾಗಿಯೇ ಬಹುಪಾಲು ಪಟ್ಟಣಗಳಿಗೆ ಶುದ್ಧೀಕರಿಸಿದ ನದಿನೀರು ಬಂತು. ಆದರೆ ಅದರ ಇನ್ನೊಂದು ಪರಿಣಾಮವನ್ನು ಈಗ ಕಾಣುತ್ತಿದ್ದೇವೆ. ನೀರು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಯಾವ ವ್ಯಾಸದ ಕೊಳವೆ ಎಲ್ಲಿ ಹೂತಿದೆ ಎಂಬ ತಿಳಿವಳಿಕೆ ಊರಿನ ಕೈಯಿಂದ ಜಾರಿತು. ಹಳೆಯ ಬಾವಿ, ಹೊಂಡ, ಕಲ್ಯಾಣಿ ಯಾರ ಕಡತದಲ್ಲೂ ಉಳಿಯಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಮೆಟ್ಟಿಲುಬಾವಿಗಳನ್ನು ಬಿಟ್ಟದ್ದಕ್ಕೆ ಬರೀ ಉದಾಸೀನ ಕಾರಣವಲ್ಲ. ನಾರುಹುಣ್ಣು ಎಂಬ ರೋಗದ ನೆನಪು ಉತ್ತರ ಕರ್ನಾಟಕದ ಹಿರಿಯರಿಗೆ ಈಗಲೂ ಇದೆ. ಕಾಲಿನ ಹುಣ್ಣಿನಿಂದ ದಾರದಂಥ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಹುಣ್ಣಿನ ಕಾಲಿಟ್ಟು ಮೆಟ್ಟಿಲು ಇಳಿದವರಿಂದ ಹುಳುವಿನ ಮರಿ ನೀರಿಗೆ ಸೇರಿ, ಆ ನೀರು ಕುಡಿದವರಿಗೆ ರೋಗ ಅಂಟುತ್ತಿತ್ತು. 1980ರ ದಶಕದಲ್ಲಿ ದೇಶದಾದ್ಯಂತ ನಡೆದ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮದಲ್ಲಿ ಮೆಟ್ಟಿಲುಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು, ಕೊಳವೆಬಾವಿ ಕೊರೆದರು, ನೀರು ಸೋಸಿ ಕುಡಿಯಿರಿ ಎಂದು ಮನೆಮನೆಗೆ ಹೇಳಿದರು. ಭಾರತದ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ. 2000ದಲ್ಲಿ ದೇಶ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಸಣ್ಣ ಊರುಗಳ ಆರೋಗ್ಯ ಸಿಬ್ಬಂದಿಯ ದುಡಿಮೆಯ ಫಲ ಇದು. ಇದನ್ನು ಮರೆತು ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವರ ಜೊತೆ ನಾನಿಲ್ಲ. ರೋಗ ಹೋದ ಮೇಲೆ ಬಾವಿಯನ್ನು ಕಸದ ಗುಂಡಿ ಮಾಡಿದ್ದು ಮಾತ್ರ ಯಾವ ಆರೋಗ್ಯ ಕಾರ್ಯಕ್ರಮದ ಸೂಚನೆಯೂ ಆಗಿರಲಿಲ್ಲ.

ನಲ್ಲಿಯ ನೀರು ಬಂದ ಮೇಲೂ ಅಪಾಯ ತಪ್ಪಿಲ್ಲ. 2023ರ ಜುಲೈ ಕೊನೆ, ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಕೆಲವರು ಪ್ರಾಣ ಕಳೆದುಕೊಂಡರು. ಅಂಥ ದುರಂತಗಳ ಹಿಂದೆ ಸಾಮಾನ್ಯವಾಗಿ ಯಾವ ಕಾರಣಗಳಿರುತ್ತವೆ ಎಂಬುದನ್ನು ಪ್ರತಿಯೊಬ್ಬ ಸದಸ್ಯರೂ ತಿಳಿದಿರಬೇಕು. ನಮ್ಮ ಪಟ್ಟಣಗಳಲ್ಲಿ ದಿನವಿಡೀ ನೀರು ಹರಿಯುವುದಿಲ್ಲ. ಎರಡು ದಿನಕ್ಕೋ ನಾಲ್ಕು ದಿನಕ್ಕೋ ಒಂದು ಸಲ, ಒಂದೆರಡು ಗಂಟೆ ಬಿಡುತ್ತಾರೆ. ನೀರು ನಿಂತಾಗ ಕೊಳವೆಯೊಳಗೆ ಒತ್ತಡ ಇಳಿಯುತ್ತದೆ. ಚರಂಡಿಯ ಪಕ್ಕದಲ್ಲೋ ಒಳಗೋ ಹಾದುಹೋದ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೂ ಹೊರಗಿನ ಕೊಳಕು ಒಳಗೆ ಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡದಲ್ಲಿ ಬರುವುದು ಅದು. ಮನೆಯವರು ನಲ್ಲಿಗೇ ನೇರವಾಗಿ ಮೋಟಾರು ಹಾಕಿ ಎಳೆದರೆ ಇನ್ನಷ್ಟು ಸೇರುತ್ತದೆ. ಕ್ಲೋರಿನ್ ಹಾಕುವುದು, ಸೋರಿಕೆ ಮುಚ್ಚುವುದು, ಹಳೆಯ ಕೊಳವೆಯನ್ನು ಚರಂಡಿಯಿಂದ ದೂರ ಸರಿಸುವುದು: ಉದ್ಘಾಟನೆಯ ಫಲಕ ಹಾಕಲು ಬಾರದ ಕೆಲಸಗಳು ಇವು. ಪುರಸಭೆಯ ಯೋಗ್ಯತೆಯನ್ನು ಅಳೆಯುವ ಕೆಲಸಗಳೂ ಇವೇ.

ಬೆಳಗಿನ ಜಾವ ಉದ್ದ ಹಿಡಿಕೆಯ ಕಬ್ಬಿಣದ ಕೀಲಿ ಹೊತ್ತು ಬೀದಿಯ ಮುಚ್ಚಳ ತೆಗೆದು ವಾಲ್ವ್ ತಿರುಗಿಸುವ ವಾಟರ್‌ಮ್ಯಾನ್ ನಮ್ಮ ಪೌರಾಡಳಿತದ ನಿಜವಾದ ನೆನಪಿನ ಕೋಶ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿದರೆ ಯಾವ ಓಣಿಯ ಕೊನೆಯ ಮನೆಗೆ ನೀರು ಏರುತ್ತದೆ ಎಂಬುದು ಅವರಿಗೆ ಗೊತ್ತು. ಎಷ್ಟೋ ಊರುಗಳಲ್ಲಿ ಕೊಳವೆ ಜಾಲದ ನಕ್ಷೆ ಕಚೇರಿಯಲ್ಲಿಲ್ಲ, ಇವರ ತಲೆಯಲ್ಲಿದೆ. ಅವರು ನಿವೃತ್ತರಾದ ದಿನ ಊರು ಒಂದು ದೊಡ್ಡ ದಾಖಲೆಯನ್ನು ಕಳೆದುಕೊಳ್ಳುತ್ತದೆ. ಅವರಲ್ಲಿ ಬಹಳ ಮಂದಿ ಹೊರಗುತ್ತಿಗೆಯವರು, ವರ್ಷಗಟ್ಟಲೆ ದುಡಿದರೂ ಕಾಯಮ್ ಆಗದವರು ಎಂಬುದನ್ನು ಈ ಸಂಚಿಕೆಯ ಪುಟದಲ್ಲಿ ದಾಖಲಿಸುವುದು ನನ್ನ ಕರ್ತವ್ಯವೆಂದುಕೊಂಡಿದ್ದೇನೆ.

ಪೌರಕಾರ್ಮಿಕರ ವಿಷಯದಲ್ಲಿ ನಮ್ಮ ಸಂಸ್ಥೆಗಳ ದಾಖಲೆ ಇನ್ನೂ ಭಾರವಾದದ್ದು. ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತದ ಹೊಣೆ ಹೊತ್ತಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಮೊದಲಲ್ಲೇ ನಿಷೇಧಿಸಿದರು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಈ ಕೆಲಸಗಾರರ ಸ್ಥಿತಿಗತಿ ಅಧ್ಯಯನ ಮಾಡಿ ವರದಿ ಕೊಟ್ಟಿತು. ಇಷ್ಟು ಜನಸಂಖ್ಯೆಗೆ ಇಷ್ಟು ಪೌರಕಾರ್ಮಿಕರಿರಬೇಕು ಎಂಬ ಲೆಕ್ಕದ ಚರ್ಚೆ ಇಂದಿಗೂ ಆ ವರದಿಯ ಹೆಸರು ಹಿಡಿದೇ ನಡೆಯುತ್ತದೆ. ನಿಷೇಧವಾಗಿ ಮೂರೂವರೆ ದಶಕ ಕಳೆದ ಮೇಲೆ, 2010ರ ಜುಲೈನಲ್ಲಿ, ಸವಣೂರಿನ ಭಂಗಿ ಸಮುದಾಯದವರು ಪುರಸಭೆ ಕಚೇರಿಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಿದರು. ತಲೆಮಾರುಗಳಿಂದ ಇದ್ದ ಜಾಗದಿಂದ ವಾಣಿಜ್ಯ ಸಂಕೀರ್ಣಕ್ಕಾಗಿ ಎಬ್ಬಿಸುವ ಪ್ರಯತ್ನ ಅದಕ್ಕೆ ಕಾರಣವಾಗಿತ್ತು. ಅದೇ ಸವಣೂರು ನವಾಬರ ರಾಜಧಾನಿಯಾಗಿದ್ದ ಊರು. ದೊಡ್ಡಹುಣಸೆ ಮಠದ ಬೃಹತ್ ಬಾವೋಬಾಬ್ ಮರಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಊರಿನ ಹೆಗ್ಗುರುತು ಕಾಪಾಡುವ ಮಾತಾಡುವಾಗ ಊರನ್ನು ಶುಚಿಯಾಗಿಟ್ಟವರ ಬದುಕಿನ ಮಾತು ಮೊದಲು ಬರಬೇಕು. ಈಗ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಆಚರಿಸುತ್ತೇವೆ. ಸನ್ಮಾನದ ಶಾಲಿಗಿಂತ ತಿಂಗಳ ಮೊದಲ ವಾರದಲ್ಲಿ ಸಂಬಳ, ಕೈಗವಸು, ಇರಲು ಸ್ವಂತ ಮನೆ ದೊಡ್ಡ ಗೌರವ.

ಏಕೀಕರಣವಾದ ಮೇಲೆ ಐದು ಆಡಳಿತಗಳ ಕಾನೂನುಗಳನ್ನು ಒಂದು ಮಾಡಿದ್ದು 1964ರ ಪುರಸಭೆಗಳ ಕಾಯ್ದೆ. ಅದು ಕೆಲಸಗಳನ್ನು ಕಡ್ಡಾಯ ಮತ್ತು ಐಚ್ಛಿಕ ಎಂದು ಎರಡು ಮಾಡಿತು. ದೀಪ, ಚರಂಡಿ, ಕಸ, ಸ್ಮಶಾನ, ಜನನ ಮರಣ ನೋಂದಣಿ ಕಡ್ಡಾಯ. ಉದ್ಯಾನ, ಗ್ರಂಥಾಲಯ, ವಸ್ತುಸಂಗ್ರಹಾಲಯದಂಥವು ಹಣವಿದ್ದರೆ. ಹಣ ಯಾವತ್ತೂ ಇರಲಿಲ್ಲ. 1992ರ 74ನೆಯ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದು, ಸಂವಿಧಾನದ 12ನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ಪಟ್ಟಿ ಮಾಡಿತು. ನೀರು ಸರಬರಾಜು ಅಲ್ಲಿದೆ, ಬೀದಿದೀಪ, ಬಸ್ ನಿಲ್ದಾಣ ಅಲ್ಲಿವೆ. ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳ ಪ್ರೋತ್ಸಾಹವೂ ಅಲ್ಲಿದೆ. ಊರಿನ ಹೆಗ್ಗುರುತು ಉಳಿಸಲು ಪುರಸಭೆಗೆ ಅಧಿಕಾರವಿಲ್ಲ ಎನ್ನುವವರಿಗೆ ಈ ಪಟ್ಟಿಯೇ ಉತ್ತರ. ಆದರೆ ಪಟ್ಟಿಯ ಜೊತೆ ಹಣವಾಗಲಿ ಸಿಬ್ಬಂದಿಯಾಗಲಿ ತಕ್ಕಷ್ಟು ಬರಲಿಲ್ಲ. ಚುನಾಯಿತ ಆಡಳಿತವೂ ಎಡೆಬಿಡದೆ ನಡೆಯಲಿಲ್ಲ. 2018ರಲ್ಲಿ ಆಯ್ಕೆಯಾದ ಸದಸ್ಯರು ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದಾಗಿ ಸುಮಾರು ಎರಡು ವರ್ಷ ಅಧ್ಯಕ್ಷರಿಲ್ಲದೆ ಕೂರಬೇಕಾಯಿತು. ಮತ ಹಾಕಿದ ಜನ ವಾರ್ಡಿನ ಸದಸ್ಯರನ್ನು ಹಿಡಿದು ಕೇಳುತ್ತಿದ್ದರು. ತೀರ್ಮಾನ ಮಾತ್ರ ಆಡಳಿತಾಧಿಕಾರಿಯ ಮೇಜಿನ ಮೇಲಿತ್ತು.

ಇಂಥ ಸಂಸ್ಥೆಯ ಕೈಗೆ ಸ್ಮಾರಕಗಳು ಹೇಗೆ ಬರಬೇಕು? ಕಾನೂನಿನಂತೆ ದೊಡ್ಡ ಸ್ಮಾರಕಗಳು ಕೇಂದ್ರ ಪುರಾತತ್ವ ಸರ್ವೇಕ್ಷಣದ ಅಥವಾ ರಾಜ್ಯ ಇಲಾಖೆಯ ವಶದಲ್ಲಿವೆ. 2010ರ ತಿದ್ದುಪಡಿಯ ಮೇಲೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಶ್ರೀರಂಗಪಟ್ಟಣ, ಬಾದಾಮಿ, ಚಿತ್ರದುರ್ಗದಂಥ ಊರುಗಳಲ್ಲಿ ಈ ವರ್ತುಲಗಳೊಳಗೆ ಜನ ಸಂಸಾರ ಮಾಡುತ್ತಿದ್ದಾರೆ. ಅವರ ಶೌಚಾಲಯ, ಮಾಳಿಗೆಯ ದುರಸ್ತಿಗೂ ಅನುಮತಿ ಬೇಕು. ನಿಯಮ ಬೇಡವೆಂದು ನಾನು ಹೇಳುವುದಿಲ್ಲ, ನಿಯಮವಿಲ್ಲದಿದ್ದರೆ ಕೋಟೆ ಗೋಡೆಗಳು ಮನೆಗಳ ಅಡಿಪಾಯವಾಗಿ ಯಾವತ್ತೋ ಕರಗುತ್ತಿದ್ದವು. ಆದರೆ ಅನುಮತಿ ಕೊಡುವ ಕಚೇರಿಯಲ್ಲಿ ಊರಿನ ಪ್ರತಿನಿಧಿ ಇಲ್ಲ. ಊರಿನ ಸಭೆಯಲ್ಲಿ ಸಂರಕ್ಷಣೆ ಬಲ್ಲವರಿಲ್ಲ. ಹೀಗಾಗಿ ತನ್ನ ಊರಿನ ಅತ್ಯಂತ ಹೆಮ್ಮೆಯ ಆಸ್ತಿ ಪುರಸಭೆಗೆ ತಲೆನೋವಾಗಿ ಕಾಣುತ್ತದೆ.

ಮನಸ್ಸಿದ್ದರೆ ಏನು ಸಾಧ್ಯವೆಂಬುದಕ್ಕೂ ಉದಾಹರಣೆಗಳಿವೆ. 2017ರಲ್ಲಿ ಮೈಸೂರು ಮಾರ್ಗದ ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಶ್ರೀರಂಗಪಟ್ಟಣದಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ಬೇರೆಡೆಗೆ ಸರಿಸಿದರು. ಹಳೆಯ ಗಾರೆಯ ಕಟ್ಟಡ ಕೆಳಗಿನ ಉಕ್ಕಿನ ತೊಲೆಗಳ ಮೇಲೆ ಕೂತು ಇಂಚಿಂಚಾಗಿ ಸಾಗಿತು. ನಂಜನಗೂಡಿನಲ್ಲಿ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ ಕಪಿಲಾ ಸೇತುವೆ ಎತ್ತಿನ ಗಾಡಿಗಳಿಗಾಗಿ ಕಟ್ಟಿದ್ದಾದರೂ ಮುಂದೆ ರೈಲನ್ನೂ ಹೊತ್ತಿತು. ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯ 1804ರಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲಿನ ಕಂಬಗಳು ಕಾವೇರಿಯ ಎಷ್ಟೋ ಪ್ರವಾಹ ಕಂಡಿವೆ. ಈ ಸೇತುವೆಗಳು ಉಳಿದದ್ದು ಬಳಕೆಯಲ್ಲಿದ್ದದ್ದರಿಂದ. ಸ್ಥಳೀಯ ಸಂಸ್ಥೆಯದೇ ಸ್ವತ್ತಾಗಿದ್ದೂ ದುರಸ್ತಿಗೆ ತಡವಾದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಊರಿನ ಒಂದು ಪಾಠವಿದೆ: ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು, ನಾಲ್ಕು ವರ್ಷದ ಮೇಲೆ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರ ಬಿತ್ತು. ಬಾಡಿಗೆ ಬರುತ್ತಿದ್ದ, ದಿನವೂ ಸಾವಿರಾರು ಜನ ಓಡಾಡುತ್ತಿದ್ದ ಕಟ್ಟಡಗಳು ಅವು. ಬಳಕೆಯೊಂದೇ ಸಾಲದು, ಬಾಡಿಗೆಯ ಒಂದು ಪಾಲು ಗೋಡೆಗೆ ಹಿಂದಿರುಗಬೇಕು.

ನನಗೆ ಅತ್ಯಂತ ಭರವಸೆ ಕೊಡುವ ಊರು ಬೀದರ್. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ಪರ್ಷಿಯಾದ ತಂತ್ರಜ್ಞಾನದಿಂದ ಅಲ್ಲಿ ಕರೇಜ್ ತೋಡಿಸಿದರು. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮಳೆ ನೀರು ರಂಧ್ರಗಳಿರುವ ಜಂಬಿಟ್ಟಿಗೆಯಲ್ಲಿ ಇಂಗಿ ಕೆಳಗಿನ ಕಪ್ಪು ಬಸಾಲ್ಟ್ ಬಂಡೆ ತಾಕಿದಾಗ ನಿಲ್ಲುತ್ತದೆ. ಆ ನೀರನ್ನು ನೆಲದೊಳಗೇ ಸಣ್ಣ ಇಳಿಜಾರಿನ ಸುರಂಗ ತೋಡಿ ಹಿಡಿದು, ಗಾಳಿ ಬೆಳಕಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ನೇರ ಬಾವಿಗಳನ್ನು ಕೊರೆದು, ಊರಿಗೆ ಹರಿಸಿದರು. ಬಿಸಿಲಿಗೆ ಆವಿಯಾಗದ, ಶತ್ರುವಿನ ಕಣ್ಣಿಗೆ ಬೀಳದ ನೀರು. ಶತಮಾನಗಳಲ್ಲಿ ಅದು ಹೂತುಹೋಯಿತು. ನೌಬಾದಿನ ಹೊಸ ಬಡಾವಣೆಗಳು ಕೆಲವು ಬಾವಿಗಳ ಬಾಯಿ ಮುಚ್ಚಿದವು. ಭೂಗೋಳ ತಜ್ಞ ವಿ. ಗೋವಿಂದನ್‌ಕುಟ್ಟಿ ಮತ್ತು ಊರಿನ ಪರಂಪರೆಯ ಬಗ್ಗೆ ಕಾಳಜಿಯಿದ್ದ ತರುಣರು ಈಚಿನ ದಶಕದಲ್ಲಿ ಬಾವಿಯಿಂದ ಬಾವಿಗೆ ನಡೆದು ಅದರ ಜಾಡು ಹಿಡಿದರು. 2014ರಲ್ಲಿ ವಿಶ್ವ ಸ್ಮಾರಕ ನಿಧಿಯ ಗಮನದ ಪಟ್ಟಿಗೆ ಬೀದರ್ ಸೇರಿತು. ಮರುವರ್ಷ ಜಿಲ್ಲಾಡಳಿತದ ಮುಂದಾಳತ್ವದಲ್ಲಿ ಹೂಳು ತೆಗೆಯುವ ಕೆಲಸ ನಡೆಯಿತು. ಬರದ ದಿನಗಳಲ್ಲಿ ಆ ಊರು ತನ್ನ ಕಾಲ ಕೆಳಗೇ ನೀರಿನ ಹಾದಿ ಇದೆಯೆಂದು ಕಂಡುಕೊಂಡಿತು.

ಬೀದರಿನ ಕೆಲಸವನ್ನು ನಾನು ಮೆಚ್ಚುವುದು ಅದು ಸ್ಮಾರಕವನ್ನು ಮತ್ತೆ ನೀರಿನ ಮೂಲವಾಗಿ ನೋಡಿತು ಎಂಬ ಕಾರಣಕ್ಕೆ. ಬೇಲಿ ಹಾಕಿ, ಬಣ್ಣದ ದೀಪ ಬಿಟ್ಟು, ಸೆಲ್ಫಿಗೆ ಚೌಕಟ್ಟು ನಿಲ್ಲಿಸಿ ಮುಗಿಸುವ ಸಂರಕ್ಷಣೆ ಮೂರು ಮಳೆಗಾಲ ಬಾಳುವುದಿಲ್ಲ. ಹೊಂಡದಲ್ಲಿ ನೀರು ನಿಲ್ಲಬೇಕಾದರೆ ಅದಕ್ಕೆ ನೀರು ತರುವ ಕಾಲುವೆ ತೆರೆದಿರಬೇಕು. ಕಾಲುವೆ ತೆರೆದಿರಬೇಕಾದರೆ ಅದರ ಮೇಲೆ ಖಾತೆ, ಪರವಾನಗಿ ಕೊಡಬಾರದು. ಸುತ್ತಲಿನ ಮನೆಗಳ ಕೊಳಚೆ ಬೇರೆ ದಾರಿ ಹಿಡಿಯಬೇಕಾದರೆ ಒಳಚರಂಡಿ ಪೂರ್ತಿಯಾಗಬೇಕು. ಕಸದ ಟಿಪ್ಪರ್ ಆ ಓಣಿಗೆ ದಿನವೂ ಬರಬೇಕು. ಖಾತೆ, ಪರವಾನಗಿ, ಒಳಚರಂಡಿ, ಟಿಪ್ಪರ್ ನಾಲ್ಕೂ ಪುರಸಭೆಯ ಕೆಲಸ. ಪುರಾತತ್ವ ಇಲಾಖೆ ಕಲ್ಲು ಜೋಡಿಸಿ ಕೊಡಬಲ್ಲದು. ಹೊಂಡವನ್ನು ಹೊಂಡವಾಗಿ ಉಳಿಸುವುದು ಊರಿನ ಸಂಸ್ಥೆಯಿಂದ ಮಾತ್ರ ಆಗುವ ಕೆಲಸ.

ಹಣದ ಮಾತು ಬಂದೇ ಬರುತ್ತದೆ. ಪಂಪು ಮತ್ತು ಬೀದಿದೀಪದ ವಿದ್ಯುತ್ ಬಿಲ್ಲಿನ ಬಾಕಿ ಪ್ರತಿ ಸಣ್ಣ ಊರಿನ ತಲೆಯ ಮೇಲಿದೆ. ಸ್ವಯಂಘೋಷಿತ ಆಸ್ತಿ ತೆರಿಗೆ ಬಂದು ಎರಡು ದಶಕ ದಾಟಿದರೂ ತೆರಿಗೆ ಜಾಲಕ್ಕೆ ಸೇರದ ಮನೆಗಳಿವೆ. ನೀರಿನ ಕಂದಾಯದ ಬಾಕಿ ಅದಕ್ಕಿಂತ ಹೆಚ್ಚು. ತೆರಿಗೆ ಏರಿಸುವ ಠರಾವಿಗೆ ಕೈ ಎತ್ತಲು ಸದಸ್ಯರು ಹೆದರುತ್ತಾರೆ, ಅದು ಸಹಜ. ಆದರೆ ತಮ್ಮ ಓಣಿಯ ನಲ್ಲಿಯಲ್ಲಿ ಹೇಳಿದ ದಿನ, ಹೇಳಿದ ಹೊತ್ತಿಗೆ ಶುದ್ಧ ನೀರು ಬರುವುದನ್ನು ಕಂಡ ಜನ ಕಂದಾಯ ಕಟ್ಟಲು ಅಷ್ಟು ತಕರಾರು ಮಾಡುವುದಿಲ್ಲ.

ಈ ಸಂಚಿಕೆ ಕೈಗೆ ಬಂದ ಸದಸ್ಯರಲ್ಲಿ, ಮುಖ್ಯಾಧಿಕಾರಿಗಳಲ್ಲಿ, ಎಂಜಿನಿಯರುಗಳಲ್ಲಿ ನನ್ನ ವಿನಂತಿ ಇದು. ನಿಮ್ಮ ಕಚೇರಿಯ ಸ್ವತ್ತಿನ ವಹಿ ತೆರೆದು ನೋಡಿ. ಮಳಿಗೆ, ನಿವೇಶನ, ವಾಹನಗಳ ಪಟ್ಟಿಯ ಜೊತೆ ಊರಿನ ಪ್ರತಿ ಬಾವಿ, ಹೊಂಡ, ಕಲ್ಯಾಣಿ, ಅವುಗಳಿಗೆ ನೀರು ತರುವ ಹಳ್ಳ ಕಾಲುವೆಗಳನ್ನು ಸರ್ವೆ ನಂಬರಿನ ಸಹಿತ ಬರೆಸಿ. ವಾಟರ್‌ಮ್ಯಾನ್ ನಿವೃತ್ತರಾಗುವ ಮೊದಲು ಅವರನ್ನು ಕೂರಿಸಿಕೊಂಡು ಕೊಳವೆಗಳ ನಕ್ಷೆ ಮಾಡಿಸಿ. ಮುಂದಿನ ಆಯವ್ಯಯದಲ್ಲಿ ಈ ಎರಡು ಕೆಲಸಗಳಿಗೆ ಒಂದು ಲೆಕ್ಕಶೀರ್ಷಿಕೆ ತೆರೆಯಿರಿ, ಮೊತ್ತ ಸಣ್ಣದಿದ್ದರೂ ಚಿಂತೆಯಿಲ್ಲ. ಮಳೆಗಾಲಕ್ಕೆ ಮುಂಚೆ ನಡೆಯುವ ಸಾಮಾನ್ಯ ಸಭೆಯಲ್ಲೇ ಇದರ ಠರಾವು ಆಗಲಿ.